ಬರ್ನ್ಲಿಯ ಡಾಕ್ಟರು, ಶಾಯಿಯ ಗೆರೆ

ಇಂಗ್ಲೆಂಡಿನ ಬರ್ನ್ಲಿ ಹತ್ತಿ ಗಿರಣಿಗಳ ಊರು. 1879ರಲ್ಲಿ ಜೇಮ್ಸ್ ಮೆಕೆಂಝಿ ಎಂಬ ಸ್ಕಾಟಿಷ್ ಯುವಕ ಅಲ್ಲಿಗೆ ವೈದ್ಯನಾಗಿ ಬಂದ. ದೊಡ್ಡ ತಜ್ಞನೇನಲ್ಲ, ಜ್ವರ, ಕೆಮ್ಮು, ಹೆರಿಗೆ ನೋಡುವ ಮಾಮೂಲಿ ಡಾಕ್ಟರು. ಅವನು ನೋಡಿಕೊಳ್ಳುತ್ತಿದ್ದ ಬಸುರಿಯೊಬ್ಬಳು ಹೆರಿಗೆಯ ಹೊತ್ತಿನಲ್ಲಿ ಹೃದಯ ಸೋತು ತೀರಿಕೊಂಡಳು. ಅಪಾಯ ಮೊದಲೇ ತಿಳಿಯಬಹುದಿತ್ತೇ? ಪುಸ್ತಕಗಳಲ್ಲಿ ಉತ್ತರವಿರಲಿಲ್ಲ. ತಾಳ ತಪ್ಪಿದ ನಾಡಿಗಳಲ್ಲಿ ಯಾವುದು ಕೊಲ್ಲುತ್ತದೆ, ಯಾವುದು ನಿರುಪದ್ರವಿ ಎಂದು ಆಗ ಯಾರೂ ಖಚಿತವಾಗಿ ಹೇಳಲಾರರು.

ನಾಡಿ ಹಿಡಿದರೆ ಸಾಲದು, ಬರೆದಿಡಬೇಕು ಎಂದುಕೊಂಡ ಮೆಕೆಂಝಿ, ಮಣಿಕಟ್ಟಿನ ನಾಡಿಯನ್ನೂ ಕೊರಳಿನ ರಕ್ತನಾಳದ ಮಿಡಿತವನ್ನೂ ಒಟ್ಟಿಗೆ ಮೂಡಿಸುವ ಪಾಲಿಗ್ರಾಫ್ ರೂಪಿಸಿದ. ಮುಂದೆ ಪಕ್ಕದ ಪ್ಯಾಡಿಹ್ಯಾಮ್‌ನ ಗಡಿಯಾರ ತಯಾರಕ ಸೆಬಾಸ್ಟಿಯನ್ ಷಾ, ಕೀಲಿ ಕೊಟ್ಟರೆ ಓಡುವ, ಶಾಯಿಯಲ್ಲಿ ಬರೆಯುವ ಯಂತ್ರವನ್ನೇ ಮಾಡಿಕೊಟ್ಟ. ಅದನ್ನು ರೋಗಿಯ ಹಾಸಿಗೆಯ ಬಳಿಗೆ ಒಯ್ಯಬಹುದಿತ್ತು. ಮಣಿಕಟ್ಟಿನ ಗೆರೆ ಕುಹರದ ಕೆಲಸ ಹೇಳುತ್ತದೆ, ಕೊರಳಿನದು ಹೃತ್ಕರ್ಣದ್ದು.

1880ರಿಂದ ನೋಡುತ್ತಿದ್ದ ಮಹಿಳೆಯೊಬ್ಬಳ ಕೊರಳ ಗೆರೆಯಲ್ಲಿ 1898ರಲ್ಲಿ ಹೃತ್ಕರ್ಣದ ಅಲೆಯೇ ಕಾಣೆಯಾಗಿತ್ತು. ನಾಡಿ ಪೂರ್ತಿ ಅಡ್ಡಾದಿಡ್ಡಿ. ಹೃತ್ಕರ್ಣಕ್ಕೆ ಪಾರ್ಶ್ವವಾಯು ಬಡಿದಿದೆ ಎಂದು ಅವನು ತರ್ಕಿಸಿದ. ಅದು ತಪ್ಪು. ಹೃತ್ಕರ್ಣ ನಿಂತಿರಲಿಲ್ಲ, ನಡುಗುತ್ತಿತ್ತು. 1909ರಲ್ಲಿ ಲಂಡನ್ನಿನ ಥಾಮಸ್ ಲೂಯಿಸ್ ಇಸಿಜಿಯಿಂದ ಅದನ್ನು ತೋರಿಸಿದ. ಇಂದು ಏಟ್ರಿಯಲ್ ಫಿಬ್ರಿಲೇಶನ್ ಎನ್ನುವುದು ಇದಕ್ಕೇ; ಮೆದುಳಿನ ಪಾರ್ಶ್ವವಾಯುವಿಗೆ ಇದೊಂದು ದೊಡ್ಡ ಕಾರಣ.

ಊಹೆ ತಪ್ಪಿದ್ದಕ್ಕಿಂತ ನನಗೆ ಆ ಹದಿನೆಂಟು ವರ್ಷಗಳೇ ಮುಖ್ಯವೆನಿಸುತ್ತವೆ. ಆಸ್ಪತ್ರೆಯ ತಜ್ಞನಿಗೆ ರೋಗಿ ಕೆಲವು ವಾರಗಳ ಅತಿಥಿ. ಅಲೆ ಕಾಣೆಯಾಗಿದೆ ಎನ್ನಲು ಅದು ಹಿಂದೆ ಇದ್ದದ್ದನ್ನು ಕಂಡಿರಬೇಕಲ್ಲ!

ಆಮೇಲೆ ಯಂತ್ರಗಳು ಊರ ಡಾಕ್ಟರ ಕೈಮೀರಿ ಬೆಳೆದವು. ಲೈಡನ್ನಿನಲ್ಲಿ ಐಂಥೋವನ್‌ನ ಇಸಿಜಿ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು. ಆಸ್ಪತ್ರೆಗೂ ಪ್ರಯೋಗಾಲಯಕ್ಕೂ ನಡುವೆ ಟೆಲಿಫೋನ್ ತಂತಿ ಬಳಸಬೇಕಾಯಿತು. 1940ರ ದಶಕದ ಕೊನೆಗೆ ಅಮೆರಿಕದ ಮೊಂಟಾನಾದಲ್ಲಿ ನಾರ್ಮನ್ ಹೋಲ್ಟರ್ ಬೆನ್ನಿಗೆ ಹೊರುವ ಯಂತ್ರ ಮಾಡಿದ, ತೂಕ 38 ಕಿಲೋ. ನಮ್ಮಲ್ಲೂ ‘ಹೋಲ್ಟರ್ ಹಾಕಿಸಿ’ ಅನ್ನುತ್ತಾರಲ್ಲ, ಅದು ಇವನ ಹೆಸರೇ. ಈಗ ಎದೆಗೆ ಅಂಟಿಸುವ ಪಟ್ಟಿ ಹದಿನಾಲ್ಕು ದಿನ ದಾಖಲಿಸುತ್ತದೆ. ತಾಳ ತಪ್ಪುವುದು ಹೇಳಿಕೇಳಿ ಬರುವುದಿಲ್ಲ. ಡಾಕ್ಟರ ಮುಂದೆ ಕೂತ ಐದು ನಿಮಿಷ ಹೃದಯ ಸಭ್ಯವಾಗಿಯೇ ಇರುತ್ತದೆ.

ಮೆಕೆಂಝಿಗೆ ಯಂತ್ರದ ಮೋಹವಿರಲಿಲ್ಲ. ಕಲಿತಾದ ಮೇಲೆ ಬೆರಳೇ ಸಾಕು ಎನ್ನುವ ಪೈಕಿ. ಲಂಡನ್ನಿನ ಹೆಸರು, ಸಂಪಾದನೆ ಬಿಟ್ಟು 1919ರಲ್ಲಿ ಸೇಂಟ್ ಆಂಡ್ರ್ಯೂಸ್‌ನಲ್ಲಿ ಒಂದು ಸಂಶೋಧನಾ ಸಂಸ್ಥೆ ತೆರೆದ. ಊರಿನ ಮಾಮೂಲಿ ಡಾಕ್ಟರುಗಳು ತಮ್ಮ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ ಬರೆದಿಡುವುದೇ ಅಲ್ಲಿನ ಕೆಲಸವಾಗಿತ್ತು.