ನಾಣ್ಯ ಸಂಗ್ರಹದ ಪತ್ರಿಕೆ: ಹಳೇ ಸಂಗ್ರಹಕಾರರಿಗೆ ನಿಜಕ್ಕೂ ಪ್ರಯೋಜನ ಇದೆಯಾ?

‘ನಿಮ್ಮ ಮನೆಯಲ್ಲಿ 1985ರ ಒಂದು ರೂಪಾಯಿ ನಾಣ್ಯ ಇದೆಯಾ? ಇಸವಿಯ ಕೆಳಗೆ ಇಂಗ್ಲಿಷಿನ ಎಚ್ ಅಕ್ಷರ ಇದ್ದರೆ ನೀವು ಲಕ್ಷಾಧಿಪತಿ!’ ಇಂಥ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಆ ‘ಎಚ್’ ಅಂದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಹೀಟನ್ ಟಂಕಸಾಲೆಯ ಗುರುತು. ಆಗ ನಮ್ಮಲ್ಲಿ ಚಿಲ್ಲರೆಗೆ ಬರ ಬಂದಿತ್ತು, ಸರ್ಕಾರ ಹೊರದೇಶಗಳಲ್ಲಿ ನಾಣ್ಯ ಮಾಡಿಸಿ ತರಿಸಿತು. ದೊಡ್ಡ ಸಂಖ್ಯೆಯಲ್ಲಿ ಬಂದ ನಾಣ್ಯ ಅದು. ಲಕ್ಷದ ಮಾತು ಬರೀ ಬುರುಡೆ.

ಈ ಫಾರ್ವರ್ಡ್ ಬಗ್ಗೆ ಬರೆದಾಗ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಓದುಗರೊಬ್ಬರು ಬೇರೆಯದೇ ಪ್ರಶ್ನೆ ಕೇಳಿದರು. ‘ಇದು ಸುಳ್ಳು ಅಂತ ನನಗೆ ಗೊತ್ತು ಸಾರ್. ಇಪ್ಪತ್ತು ವರ್ಷದಿಂದ ನಾಣ್ಯ ಸೇರಿಸ್ತಿದ್ದೀನಿ. ಚಂದಾ ಕಟ್ಟಿ ತರಿಸೋ ನಾಣ್ಯ ಪತ್ರಿಕೆಯಿಂದ ನನ್ನಂಥ ಹಳಬರಿಗೆ ಏನಾದರೂ ಸಿಗುತ್ತಾ? ಇಲ್ಲಾ ವಾಟ್ಸಾಪ್ ಗ್ರೂಪೇ ಸಾಕಾ?’

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಬೆಲೆ ತಿಳಿಯಲು ಪತ್ರಿಕೆ ಬೇಡ. ‘ಸಂಗ್ರಹ ಆರಂಭಿಸುವುದು ಹೇಗೆ’ ಎಂಬ ಬರಹಗಳನ್ನೇ ಮತ್ತೆ ಮತ್ತೆ ಹಾಕುವ ಬಣ್ಣದ ಮಾಸಿಕವೂ ಬೇಡ. ಆದರೆ ನೀವು ಯಾವುದಾದರೂ ಒಂದೇ ಕಾಲದ, ಒಂದೇ ರಾಜವಂಶದ ನಾಣ್ಯಗಳ ಹಿಂದೆ ಬಿದ್ದಿದ್ದರೆ, ಸಂಶೋಧನಾ ಪತ್ರಿಕೆ ಓದದೆ ಒಂದು ಹಂತದ ಮೇಲೆ ಮುಂದೆ ಹೋಗಲು ಆಗುವುದಿಲ್ಲ. ನೋಡಲು ಎರಡೂ ‘ನಾಣ್ಯ ಪತ್ರಿಕೆ’ಗಳೇ, ಕೊಡುವ ಸರಕು ಮಾತ್ರ ಬೇರೆ ಬೇರೆ.

ಬೆಲೆಪಟ್ಟಿ ಏಕೆ ಕೆಲಸಕ್ಕೆ ಬರುವುದಿಲ್ಲ?

ಅಜ್ಜಿಯ ಪೆಟ್ಟಿಗೆಯಲ್ಲಿ ಸಿಗುವ ಐದನೇ ಜಾರ್ಜ್ ಕಾಲದ ಬೆಳ್ಳಿ ರೂಪಾಯಿಯನ್ನೇ ತೆಗೆದುಕೊಳ್ಳಿ. ಅದರ ತೂಕ ಸುಮಾರು 11.66 ಗ್ರಾಂ, ಶೇ. 91.7 ಬೆಳ್ಳಿ. ಅಂದರೆ ಶುದ್ಧ ಬೆಳ್ಳಿ ಸುಮಾರು 10.7 ಗ್ರಾಂ. ಸವೆದ, ಸಾಮಾನ್ಯ ಇಸವಿಯ ನಾಣ್ಯವಾದರೆ ಅದರ ಬೆಲೆ ಬಹುಮಟ್ಟಿಗೆ ಬೆಳ್ಳಿಯ ಬೆಲೆಯ ಜೊತೆಗೇ ಏರಿ ಇಳಿಯುತ್ತದೆ. ಬೆಳ್ಳಿ ದರ ದಿನಕ್ಕೊಂದು ಇರುವಾಗ ಎರಡು ತಿಂಗಳ ಹಿಂದೆ ಅಚ್ಚಿಗೆ ಹೋದ ಪಟ್ಟಿ ಏನು ಹೇಳೀತು?

ಅಪರೂಪದ ನಾಣ್ಯಕ್ಕೂ ಇದೇ ಮಾತು. ನಿಜವಾಗಿ ಎಷ್ಟಕ್ಕೆ ಹೋಯಿತು ಎಂಬುದು ಹರಾಜಿನ ಫಲಿತಾಂಶದಲ್ಲಿ ಸಿಗುತ್ತದೆ. ಹರಾಜು ಸಂಸ್ಥೆಗಳು ಕ್ಯಾಟಲಾಗನ್ನು ಚಿತ್ರ, ತೂಕ ಸಮೇತ ಮೊಬೈಲಿನಲ್ಲೇ ನೋಡಲು ಬಿಡುತ್ತವೆ. (ಹರಾಜಿನ ಬೆಲೆಯ ಮೇಲೆ ಕಮಿಷನ್, ತೆರಿಗೆ ಸೇರುತ್ತವೆ ಅನ್ನುವುದು ನೆನಪಿರಲಿ.) ಜಗತ್ತಿನ ನಾಣ್ಯಗಳಿಗೆಲ್ಲ ನಂಬರ್ ಕೊಟ್ಟ ಅಮೆರಿಕದ ಕ್ರೌಸ್ ಕ್ಯಾಟಲಾಗ್ ನಮ್ಮ ಸಂಗ್ರಹಕಾರರಿಗೂ ಒಂದು ಕಾಲದಲ್ಲಿ ಪಂಚಾಂಗದಂತಿತ್ತು. ಅದನ್ನು ಪ್ರಕಟಿಸುತ್ತಿದ್ದ ಕಂಪನಿಯೇ 2019ರಲ್ಲಿ ದಿವಾಳಿ ಅರ್ಜಿ ಹಾಕಿತು. ಕ್ರೌಸ್ ನಂಬರುಗಳು ಇಂದಿಗೂ ಬಳಕೆಯಲ್ಲಿವೆ, ಅದರ ಬೆಲೆಗಳನ್ನು ಯಾರೂ ನೆಚ್ಚಿಕೊಳ್ಳುವುದಿಲ್ಲ.

ಪತ್ರಿಕೆ ಇಲ್ಲದಿದ್ದರೆ ನಮ್ಮ ಊರಿನ ಕಥೆಯೇ ಗೊತ್ತಾಗುತ್ತಿರಲಿಲ್ಲ

ಪೀಣ್ಯದಿಂದ ತುಮಕೂರು ರಸ್ತೆ ಹಿಡಿದು ಪೇಟೆಯ ಕಡೆ ಬಂದರೆ ಯಶವಂತಪುರ. 1891ರಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಕಾಲದವು, ಸುಮಾರು ಎರಡು ಸಾವಿರ ವರ್ಷ ಹಳೆಯವು. ಮುಂದೆ ಅತ್ತ ವೈಟ್‌ಫೀಲ್ಡ್ ದಾರಿಯಲ್ಲಿ, ಎಚ್‌ಎಎಲ್ ಪ್ರದೇಶದಲ್ಲೂ ರೋಮನ್ ನಾಣ್ಯಗಳು ಸಿಕ್ಕವು. ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಈ ನೆಲಕ್ಕೆ ಹೊರದೇಶದ ದುಡ್ಡು ಬಂದಿತ್ತು ಎಂದು ನಾವು ಇಂದು ಹೇಳುವುದು ಇವುಗಳ ಆಧಾರದ ಮೇಲೆ.

ಇದು ನಮಗೆ ಗೊತ್ತಾದದ್ದು ಹೇಗೆ? ಸಿಕ್ಕಿದ್ದನ್ನು ಯಾರೋ ಎಣಿಸಿ, ಓದಿ, ಪಟ್ಟಿ ಮಾಡಿ ಅಚ್ಚು ಹಾಕಿಸಿದ್ದರಿಂದ. ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳ ದೊಡ್ಡ ಪಟ್ಟಿಯೊಂದನ್ನು 1904ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಜರ್ನಲ್‌ನಲ್ಲಿ ಪ್ರಕಟಿಸಿದವರು ರಾಬರ್ಟ್ ಸೆವೆಲ್. ವಿಜಯನಗರದ ಚರಿತ್ರೆ ಬರೆದ ಅದೇ ಸೆವೆಲ್. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಾತವಾಹನರ ಸೀಸದ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕಿದ್ದನ್ನು ಎಂ.ಎಚ್. ಕೃಷ್ಣ ಅವರು ಮೈಸೂರು ಪುರಾತತ್ವ ಇಲಾಖೆಯ ವರದಿಯಲ್ಲಿ ದಾಖಲಿಸಿದ್ದಾರೆ. ಇಂಥ ನಿಧಿಗಳು ಕಾಲಕ್ರಮದಲ್ಲಿ ಹಂಚಿಹೋಗುತ್ತವೆ, ಕೆಲವು ಅಕ್ಕಸಾಲಿಗರ ಮೂಸೆಗೂ ಹೋಗುತ್ತವೆ. ಕೊನೆಗೆ ಉಳಿಯುವುದು ಅಚ್ಚಾದ ಪಟ್ಟಿ.

ಇದರಲ್ಲಿ ಸಂಗ್ರಹಕಾರನಿಗೆ ನೇರ ಲಾಭವೂ ಇದೆ. ದಕ್ಷಿಣ ಭಾರತದಲ್ಲಿ ಸಿಗುವ ಎಷ್ಟೋ ರೋಮನ್ ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲೆ ಉಳಿಯಿಂದ ಕಡಿದಂಥ ಗಾಯ ಇರುತ್ತದೆ. ಓದದವರು ‘ಡ್ಯಾಮೇಜ್ ಪೀಸ್’ ಎಂದು ಬದಿಗಿಡುತ್ತಾರೆ. ಓದಿದವರಿಗೆ ಗೊತ್ತು, ಅದು ಆ ಕಾಲದಲ್ಲೇ ಬೇಕೆಂದೇ ಹಾಕಿದ ಏಟು.

ಅಂದಹಾಗೆ, ನಿಮ್ಮ ಸೈಟಿನಲ್ಲಿ ಪಾಯ ತೋಡುವಾಗ ನಾಣ್ಯದ ಗಡಿಗೆ ಸಿಕ್ಕರೆ ಅದು ನಿಮ್ಮದಲ್ಲ. ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. 100 ವರ್ಷ ದಾಟಿದ ನಾಣ್ಯಗಳನ್ನು 1972ರ ಪುರಾತನ ವಸ್ತುಗಳ ಕಾಯ್ದೆಯ ಕಾರಣ ಹೊರದೇಶಕ್ಕೆ ಕಳಿಸುವಂತೆಯೂ ಇಲ್ಲ.

ಹಿಂದುಮುಂದಾದ ಇಸವಿ

ಟಿಪ್ಪು ಸುಲ್ತಾನನ ಆನೆ ಪೈಸೆ ನಮ್ಮ ಕಡೆಯ ಸಂಗ್ರಹಕಾರರಿಗೆ ಬಲು ಪ್ರೀತಿ. ಶ್ರೀರಂಗಪಟ್ಟಣ, ನಗರ, ಬೆಂಗಳೂರು ಹೀಗೆ ಹಲವು ಟಂಕಸಾಲೆಗಳಲ್ಲಿ ಅವು ಹೊರಬಂದವು. ಆಳ್ವಿಕೆಯ ಐದನೇ ವರ್ಷದಲ್ಲಿ, ಅಂದರೆ 1787ರ ಹೊತ್ತಿಗೆ, ಟಿಪ್ಪು ‘ಮೌಲೂದಿ’ ಎಂಬ ಹೊಸ ಶಕೆ ತಂದ. ಜೊತೆಗೆ ಅಂಕಿಗಳನ್ನು ಬಲದಿಂದ ಎಡಕ್ಕೆ ಹಾಕಿಸಿದ. ಹಾಗಾಗಿ 1215 ಎಂಬ ಇಸವಿಯನ್ನು ನಾವು ಎಡದಿಂದ ಓದಿದರೆ 5121 ಎಂದು ಕಾಣುತ್ತದೆ. ಇದು ಗೊತ್ತಿಲ್ಲದವರು ‘ಅಚ್ಚಿನ ತಪ್ಪು, ಭಾರೀ ಅಪರೂಪ’ ಎಂದು ಮಾರಿದರೆ, ಇದು ಗೊತ್ತಿಲ್ಲದವರೇ ಕೊಳ್ಳುತ್ತಾರೆ.

ಇದನ್ನೆಲ್ಲ ಜೆ.ಆರ್. ಹೆಂಡರ್ಸನ್ 1921ರಲ್ಲೇ ಹೈದರ್ ಮತ್ತು ಟಿಪ್ಪು ನಾಣ್ಯಗಳ ಪುಸ್ತಕದಲ್ಲಿ ಬಿಡಿಸಿ ಬರೆದಿದ್ದಾರೆ. ಹಾಗಾದರೆ ಪುಸ್ತಕವೇ ಸಾಕಲ್ಲವೇ? ಆರಂಭಕ್ಕೆ ಸಾಕು. ಕರ್ನಾಟಕದ ನಾಣ್ಯಗಳಿಗೆ ಎ.ವಿ. ನರಸಿಂಹಮೂರ್ತಿ ಅವರ ಪುಸ್ತಕ, ವಿಜಯನಗರಕ್ಕೆ ಕೆ. ಗಣೇಶ್ ಮತ್ತು ಗಿರಿಜಾಪತಿ ಅವರ 1997ರ ಪುಸ್ತಕ ಇದ್ದೇ ಇವೆ. ಆದರೆ ಪುಸ್ತಕ ಅಚ್ಚಾದ ದಿನವೇ ನಿಂತುಹೋಗುತ್ತದೆ. ಆನೆ ಯಾವ ದಿಕ್ಕಿಗೆ ಮುಖ ಮಾಡಿದೆ, ಯಾವ ಟಂಕಸಾಲೆಗೆ ಯಾವ ಇಸವಿ ಹೊಸದಾಗಿ ಸಿಕ್ಕಿದೆ ಎಂಬಂಥ ಸಣ್ಣ ಟಿಪ್ಪಣಿಗಳಿಗೆ ಜಾಗ ಇರುವುದು ಪತ್ರಿಕೆಯಲ್ಲಿ. ಹಳಬರಿಗೆ ಬೇಕಾದದ್ದೂ ಅದೇ. ಹತ್ತು ಪುಟ ಪ್ರಯೋಜನವಿಲ್ಲದಿದ್ದರೂ ಅರ್ಧ ಪುಟದ ಒಂದು ಟಿಪ್ಪಣಿ ನಿಮ್ಮ ಆಲ್ಬಮ್ಮಿನಲ್ಲಿ ಸುಮ್ಮನೆ ಕೂತ ನಾಣ್ಯವನ್ನು ಎದ್ದು ನಿಲ್ಲಿಸಬಹುದು.

1862ರ ವಿಕ್ಟೋರಿಯಾ ರೂಪಾಯಿ ಇನ್ನೊಂದು ಉದಾಹರಣೆ. 1874ರಲ್ಲಿ ಇಸವಿ ಬದಲಾಗುವವರೆಗೆ ರೂಪಾಯಿಗಳ ಮೇಲೆ 1862 ಎಂದೇ ಹಾಕುತ್ತಿದ್ದರು. ಅವುಗಳ ಮೇಲಿನ ಚುಕ್ಕಿಗಳನ್ನು ಎಣಿಸಿ ತಳಿ ಬೇರ್ಪಡಿಸುವುದೇ ಒಂದು ವಿದ್ಯೆ. ವಾಟ್ಸಾಪ್ ಗ್ರೂಪಿನಲ್ಲಿ ಇದನ್ನು ಕೇಳಿದರೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ, ಮರುದಿನ ಆ ಸಂದೇಶ ‘ಶುಭೋದಯ’ದ ಕೆಳಗೆ ಹೂತುಹೋಗುತ್ತದೆ.

ನಕಲಿ ಹಿಡಿಯುವುದರಲ್ಲಿ ಪೀಣ್ಯದವರೇ ಮುಂದು

ಇಲ್ಲಿ ನಿಜವಾದ ದುಡ್ಡಿನ ಪ್ರಶ್ನೆ ಬರುತ್ತದೆ. ಹಳೇ ಸಂಗ್ರಹಕಾರ ಕಳೆದುಕೊಳ್ಳುವುದು ಹತ್ತಿಪ್ಪತ್ತು ರೂಪಾಯಿಯ ನಾಣ್ಯದಲ್ಲಿ ಅಲ್ಲ. ‘ಬಹಳ ದಿನದಿಂದ ಹುಡುಕುತ್ತಿದ್ದೆ’ ಎಂದು ಸಾವಿರಗಟ್ಟಲೆ ಕೊಟ್ಟು ತಂದ ಒಂದೇ ನಾಣ್ಯದಲ್ಲಿ.

ಟೂಲ್ ರೂಮಿನಲ್ಲಿ ಕೆಲಸ ಮಾಡಿದವರಿಗೆ ಅಚ್ಚು ಅಂದರೇನು ಎಂದು ವಿವರಿಸಬೇಕಿಲ್ಲ. ಅಚ್ಚಿನಲ್ಲಿ ಒತ್ತಿದ ನಾಣ್ಯದಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ. ಎರಕ ಹೊಯ್ದದ್ದರಲ್ಲಿ ಅಕ್ಷರ ಮೊಂಡಾಗಿ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು, ಅಂಚಿನ ಸುತ್ತ ಜೋಡಣೆಯ ಗೆರೆ ಕಾಣಬಹುದು. ಕಿಡಿಯಿಂದ ಕೊರೆಯುವ ಇಡಿಎಂ ಯಂತ್ರದಲ್ಲಿ ಅಚ್ಚು ಮಾಡಿ ಒತ್ತಿದ ನಕಲಿಯ ಮೈ ಸಣ್ಣ ಮರಳಿನಂತೆ ತರಿತರಿಯಾಗಿರಬಹುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ವರ್ನಿಯರ್, 0.01 ಗ್ರಾಂ ತೋರಿಸುವ ತಕ್ಕಡಿ ಇದ್ದರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧಕ್ಕೆ ಓದು ಬೇಕು. ಆರನೇ ಜಾರ್ಜ್‌ನ 1939ರ ರೂಪಾಯಿ ಅಪರೂಪ, ಅದಕ್ಕೇ ನಕಲಿಯೂ ಹೆಚ್ಚು. ಆ ವರ್ಷದವರೆಗೆ ಅಂಚಿನಲ್ಲಿ ಬರೀ ನೇರ ಗೀರುಗಳು. ನಡುವೆ ತೋಡು ಇರುವ ಭದ್ರತಾ ಅಂಚು ಬಂದದ್ದು 1940ರಲ್ಲಿ, ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದಾಗ. ‘1939’ ಎಂದು ಬರೆದಿದ್ದು ಅಂಚಿನಲ್ಲಿ ತೋಡಿದ್ದರೆ ಅಲ್ಲಿಗೇ ಕೈಬಿಡಿ. ಇನ್ನು 1947ರ ರೂಪಾಯಿಯನ್ನು ‘ಬೆಳ್ಳಿ’ ಎಂದು ಮಾರುವವರಿದ್ದಾರೆ. ಅದು ನಿಕ್ಕೆಲ್. ಅಯಸ್ಕಾಂತ ಹಿಡಿದರೆ ಅಂಟುತ್ತದೆ, ಬೆಳ್ಳಿ ಅಂಟುವುದಿಲ್ಲ.

ಹನುಮಂತನ ಚಿತ್ರವಿರುವ, 1818 ಎಂದು ಬರೆದ ‘ಈಸ್ಟ್ ಇಂಡಿಯಾ ಕಂಪನಿ ಅರ್ಧಾಣೆ’ಯನ್ನಂತೂ ಕಂಪನಿ ಹೊರಡಿಸಿಯೇ ಇಲ್ಲ, ಈಚಿನವರು ಕಲ್ಪಿಸಿ ಮಾಡಿದ್ದು. ಹಾಗಂತ ‘ಕಂಪನಿ ದೇವರ ಚಿತ್ರ ಹಾಕಲೇ ಇಲ್ಲ’ ಎಂದು ಫಾರ್ವರ್ಡ್ ಮಾಡಬೇಡಿ. ಮದರಾಸಿನಲ್ಲಿ ಕಂಪನಿ ವೆಂಕಟೇಶ್ವರ ಮತ್ತು ಇಬ್ಬರು ದೇವಿಯರಿರುವ ಚಿನ್ನದ ವರಹವನ್ನು ನಿಜಕ್ಕೂ ಹೊರಡಿಸಿತ್ತು.

ಕಾಸು ಕೊಡದೆ ಓದಬಹುದಾದದ್ದು

ಭಾರತೀಯ ನಾಣ್ಯಶಾಸ್ತ್ರ ಸಂಘ 1910ರಲ್ಲಿ ಅಲಹಾಬಾದಿನಲ್ಲಿ ಶುರುವಾಯಿತು, ಅದರ ಜರ್ನಲ್ 1939ರಿಂದ ಬರುತ್ತಿದೆ. 1970ರಲ್ಲಿ ಹುಟ್ಟಿದ ಓರಿಯೆಂಟಲ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಪತ್ರಿಕೆ ಹವ್ಯಾಸಿಗಳ ಸಣ್ಣ ಟಿಪ್ಪಣಿಗಳನ್ನೂ ಹಾಕುತ್ತದೆ. ನಾಸಿಕ್ ಹತ್ತಿರದ ಅಂಜನೇರಿಯ ಸಂಶೋಧನಾ ಕೇಂದ್ರದ ‘ನ್ಯೂಮಿಸ್ಮ್ಯಾಟಿಕ್ ಡೈಜೆಸ್ಟ್’ ಕೂಡ ಹಳಬರಿಗೆ ಪರಿಚಿತ. ವಾಲ್ಟರ್ ಎಲಿಯಟ್ ಅವರ 1886ರ ದಕ್ಷಿಣ ಭಾರತದ ನಾಣ್ಯಗಳ ಪುಸ್ತಕದಂಥ ಹಳೆಯವು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಎಲೆಕ್ಟ್ರಾನಿಕ್ ಸಿಟಿಯಿಂದ ಮನೆಗೆ ಬರುವ ಬಸ್ಸಿನಲ್ಲಿ ಕೂತು ಓದಬಹುದು, ಸಿಲ್ಕ್ ಬೋರ್ಡ್‌ನಲ್ಲಿ ಸಮಯಕ್ಕೇನೂ ಕೊರತೆ ಇಲ್ಲ.

ಒಂದು ಎಚ್ಚರಿಕೆ ಹಳಬರಿಗೂ ಬೇಕು. ‘ನಿಮ್ಮ ನಾಣ್ಯವನ್ನು ನಮ್ಮ ಮ್ಯಾಗಜೀನಿನಲ್ಲಿ ಹಾಕಿ ಲಕ್ಷಕ್ಕೆ ಮಾರಿಸುತ್ತೇವೆ, ಮೊದಲು ರಿಜಿಸ್ಟ್ರೇಷನ್ ಶುಲ್ಕ ಕಟ್ಟಿ’ ಎಂದರೆ ಅದು ಪತ್ರಿಕೆಯಲ್ಲ, ಮೋಸ. ಆರ್‌ಬಿಐ ಹೆಸರು ಹೇಳಿದರಂತೂ ಖಂಡಿತ ಮೋಸ. ಹಳೇ ನೋಟು, ನಾಣ್ಯಗಳ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕೆ ಶುಲ್ಕವನ್ನಾಗಲಿ ಕಮಿಷನ್ ಅನ್ನಾಗಲಿ ಕೇಳುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಆರ್‌ಬಿಐ 2021ರ ಆಗಸ್ಟ್‌ನಲ್ಲೇ ಪ್ರಕಟಿಸಿದೆ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಚಂದಾ ಕಟ್ಟುವ ಮುಂಚೆ ಆ ಪತ್ರಿಕೆಯ ಎರಡು ಹಳೇ ಸಂಚಿಕೆ ತರಿಸಿಕೊಳ್ಳಿ. ಪ್ರತಿ ನಾಣ್ಯಕ್ಕೂ ತೂಕ, ಅಳತೆ, ಎರಡೂ ಬದಿಯ ಚಿತ್ರ ಕೊಟ್ಟಿದ್ದಾರಾ ನೋಡಿ. ಹಿಂದಿನ ಸಂಚಿಕೆಯ ತಪ್ಪನ್ನು ತಿದ್ದಿ ಬರೆದ ಓದುಗರ ಪತ್ರ ಇದೆಯಾ ನೋಡಿ. ಪುಟಗಳಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯಾಪಾರಿಗಳ ಜಾಹೀರಾತೇ ಇದ್ದು, ಅದೇ ವ್ಯಾಪಾರಿಗಳ ನಾಣ್ಯವನ್ನು ಲೇಖನದಲ್ಲೂ ಹೊಗಳಿದ್ದರೆ, ಆ ದುಡ್ಡಿಗೆ ಒಂದು ಒಳ್ಳೆಯ ತಕ್ಕಡಿ ತೆಗೆದುಕೊಳ್ಳಿ.