ಉಳ್ಳಿ ಮನೆತನ

ಹುಬ್ಬಳ್ಳಿಯ ಖಾನಾವಳಿಯಲ್ಲಿ ಕೂತು ‘ಸ್ವಲ್ಪ ಈರುಳ್ಳಿ ಕೊಡಿ’ ಅಂದರೆ ಕೊಡುತ್ತಾರೆ. ಜೊತೆಗೆ ‘ಬೆಂಗಳೂರು ಕಡೆಯವರೇನ್ರೀ?’ ಎಂಬ ನೋಟವೂ ಬಡಿಸಿಕೊಂಡು ಬರುತ್ತದೆ. ಅಲ್ಲಿ ಅದು ಉಳ್ಳಾಗಡ್ಡಿ. ಘಟ್ಟ ಇಳಿದು ಮಂಗಳೂರು ಸೇರಿದರೆ ನೀರುಳ್ಳಿ. ಮಳೆಗಾಲದ ಸಂಜೆ ಚಹಾಕ್ಕೆ ನೀರುಳ್ಳಿ ಬಜೆ.

ಮೂರು ಹೆಸರಿಗೂ ಮನೆತನ ಒಂದೇ, ಉಳ್ಳಿ. ಅದರಲ್ಲಿ ಬೆಳ್ಳಗಿದ್ದದ್ದು ಬೆಳ್ಳುಳ್ಳಿಯಾಯಿತು. ಮಲಯಾಳಿಗಳ ವೆಳುತ್ತುಳ್ಳಿ, ತೆಲುಗರ ವೆಲ್ಲುಲ್ಲಿಯೂ ಇದೇ ಲೆಕ್ಕ. ಹಾಗಾದರೆ ಈರುಳ್ಳಿಯ ‘ಈರ್’ ಯಾವುದು? ಈರೈದು, ಈರೇಳು ಇದ್ದ ಹಾಗೆ ಎರಡು ಉಳ್ಳಿಯೆಂದೇ ನಾನು ಬಹುಕಾಲ ನಂಬಿದ್ದೆ. ಕೊಯ್ದಾಗ ಎಷ್ಟೋ ಸಲ ಒಳಗೆ ಜೋಡಿ ತಿರುಳು ಕಾಣುತ್ತದಲ್ಲ! ಆಮೇಲೆ ತಮಿಳಿನಲ್ಲಿ ಈರಂ ಎಂದರೆ ತೇವ, ಮಲಯಾಳದಲ್ಲಿ ಈರನ್ ಎಂದರೆ ಒದ್ದೆ ಎಂದು ತಿಳಿಯಿತು. ಅಂದಿನಿಂದ ನಾನು ಕರಾವಳಿಯವರ ಪಕ್ಷ. ನೂರು ಗ್ರಾಂ ಈರುಳ್ಳಿಯಲ್ಲಿ ಹತ್ತಿರ ಹತ್ತಿರ 89 ಗ್ರಾಂ ನೀರೇ. ಹೆಚ್ಚುವವರ ಕಣ್ಣಿನದು ಬೇರೆ. ಕಣ್ಣೀರುಳ್ಳಿ ಎಂದು ಯಾರೂ ಯಾಕೆ ಕರೆಯಲಿಲ್ಲವೋ! ಕತ್ತಿ ತಗುಲುವವರೆಗೆ ಅದು ಸಾಧುವೇ. ಕೋಶ ಒಡೆದಾಗಷ್ಟೇ ಒಳಗೆ ಬೇರೆಬೇರೆಯಾಗಿದ್ದ ಗಂಧಕದ ಸಂಯುಕ್ತಗಳೂ ಕಿಣ್ವಗಳೂ ಕೂಡಿ ಕಣ್ಣಿಗೆ ಹಾರುವ ಆವಿ ಹುಟ್ಟುತ್ತದೆ. ಆ ಆವಿಗೆಂದೇ ಪ್ರತ್ಯೇಕ ಕಿಣ್ವವೊಂದಿದೆ ಎಂದು ಜಪಾನಿನ ವಿಜ್ಞಾನಿಗಳು ತೋರಿಸಿದ್ದು 2002ರಲ್ಲಿ.

ಸಸ್ಯಶಾಸ್ತ್ರದವರು ಮಾತ್ರ ಉಳ್ಳಾಗಡ್ಡಿಯ ‘ಗಡ್ಡಿ’ಗೆ ತಕರಾರು ತೆಗೆದಾರು. ನಾವು ತಿನ್ನುವುದು ಬೇರೂ ಅಲ್ಲ, ಕಾಂಡವೂ ಅಲ್ಲ, ಉಬ್ಬಿದ ಎಲೆಬುಡ. ನಿಜವಾದ ಕಾಂಡವೆಂದರೆ ಬೇರಿನ ಮೇಲಿನ ಗಟ್ಟಿ ಬಿಲ್ಲೆ, ನಾವು ಮೊದಲು ಕೊಯ್ದು ಎಸೆಯುವ ಭಾಗ! ಸುಲಿಯುತ್ತ ಹೋದರೆ ಕೊನೆಗೆ ಏನೂ ಉಳಿಯದು ಎಂದು ಈರುಳ್ಳಿ ಹಿಡಿದು ವೇದಾಂತ ಹೇಳುವವರೂ ಅದನ್ನು ನಾಲ್ಕು ದಿನ ಮೂಲೆಯಲ್ಲಿ ಮರೆತು ನೋಡಬೇಕು. ನಡುವಿನಿಂದ ಹಸಿರು ಮೊಳಕೆ ಇಣುಕುತ್ತದೆ.

ಉತ್ತರ ಕರ್ನಾಟಕದವರಿಗೆ ‘ಗಡ್ಡಿ’ಯ ಈ ತಕರಾರು ತಾಗುವುದಿಲ್ಲ. ಅವರು ಉಳ್ಳಾಗಡ್ಡಿಯನ್ನು ಹೆಚ್ಚುತ್ತ ಕೂರುವವರಲ್ಲ, ಮುಷ್ಟಿಯಿಂದ ಗುದ್ದಿ ಒಡೆಯುತ್ತಾರೆ. ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಪಕ್ಕದಲ್ಲಿ ಗುದ್ದಿದ ಉಳ್ಳಾಗಡ್ಡಿಗೆ ಇರುವ ರುಚಿ ಸಣ್ಣಗೆ ಹೆಚ್ಚಿದ್ದಕ್ಕೆ ಇಲ್ಲ. ಇದು ನನ್ನ ತೀರ್ಪು.

ಬೆಂಗಳೂರಿನ ಹೋಟೆಲುಗಳಲ್ಲಿ ಈಗ ‘ಆನಿಯನ್ ದೋಸೆ’ಯದೇ ಕೂಗು. ಕೂಗಲಿ. ಊಟದ ತಟ್ಟೆಯಲ್ಲಿ ಹೆಸರು ಬದಲಾದರೂ ಉಳ್ಳಿಗೆ ಬೇರೆ ಕಡೆ ನೆಲೆಯಿದೆ. ಉತ್ತರ ಕರ್ನಾಟಕದಲ್ಲಿ ಮೆಣಸಿನಕಾಯಿ ಎಂಬ ಅಡ್ಡಹೆಸರಿನ ಮನೆಗಳಿರುವಂತೆ ಉಳ್ಳಾಗಡ್ಡಿ ಎಂಬ ಅಡ್ಡಹೆಸರಿನ ಮನೆಗಳೂ ಇವೆ.