ಹಾಡಿಗೊಂದು ಮನೆ, ಹಾಡಿಗೊಂದು ಹೆಸರು: ಗೃಹ ಸಂಗೀತ ಸರ್ವರ್‌ಗಳ ಕಾಲು ಶತಮಾನ

ವರ್ಷಗಟ್ಟಲೆ ಕೂಡಿಟ್ಟ ಭಾವಗೀತೆಗಳ ಫೋಲ್ಡರನ್ನು ಮನೆಯ ಸರ್ವರಿಗೆ ಮೊದಲ ಸಲ ತೋರಿಸಿದವರಿಗೆ ಒಂದು ಆಘಾತ ಕಾದಿರುತ್ತದೆ. ಕಲಾವಿದರ ಪಟ್ಟಿಯಲ್ಲಿ ಸಿ. ಅಶ್ವಥ್ ಒಂದು ಕಡೆ, ಬರೀ ಅಶ್ವಥ್ ಇನ್ನೊಂದು ಕಡೆ, ಇಂಗ್ಲಿಷ್ ಲಿಪಿಯಲ್ಲಿ ಬರೆದ ಅದೇ ಹೆಸರು ಮತ್ತೆರಡು ಕಡೆ. ಒಬ್ಬರೇ ಗಾಯಕರು ನಾಲ್ವರಾಗಿ ನಿಂತಿರುತ್ತಾರೆ. ಹಾಡು ಬರೆದ ಕವಿಯ ಸುಳಿವೇ ಇರುವುದಿಲ್ಲ.

ಗೃಹ ಸಂಗೀತ ಸರ್ವರ್‌ಗಳ ಕ್ಷೇತ್ರ ಕಾಲು ಶತಮಾನದಿಂದ ಎರಡು ಕೆಲಸಗಳನ್ನು ಕಲಿಯುತ್ತ ಬಂದಿದೆ. ಒಂದು, ಹಾಡನ್ನು ಕೋಣೆಯಿಂದ ಕೋಣೆಗೆ, ಊರಿಂದ ಊರಿಗೆ ಮುಟ್ಟಿಸುವುದು. ಇನ್ನೊಂದು, ಹಾಡಿಗೆ ಸರಿಯಾದ ಹೆಸರು ಬರೆದು ಜೋಡಿಸಿಡುವುದು. ಮೊದಲನೆಯದು ಬಹುಮಟ್ಟಿಗೆ ಬಗೆಹರಿದಿದೆ. ಎರಡನೆಯದು, ಅದರಲ್ಲೂ ನಮ್ಮ ಸಂಗೀತದ ಮಟ್ಟಿಗೆ, ಇನ್ನೂ ಕೇಳುಗರ ಕೈಯಲ್ಲೇ ಉಳಿದಿದೆ.

ಫೈಲಿನ ಬಾಲಕ್ಕೆ ಕಟ್ಟಿದ ಚೀಟಿ

ಸಿ.ಡಿ.ಯ ಒಂದು ನಿಮಿಷದ ಸಂಗೀತ ಸುಮಾರು 10 ಮೆಗಾಬೈಟ್ ಜಾಗ ಹಿಡಿಯುತ್ತದೆ. ಜರ್ಮನಿಯ ಎರ್ಲಾಂಗೆನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಸಂಗಡಿಗರು ಬೆಳೆಸಿದ ಎಂಪಿ3 ಅದನ್ನು ಒಂದು ಮೆಗಾಬೈಟಿಗೆ ಇಳಿಸಿತು. ಕಿವಿ ಗಮನಿಸದ ಸದ್ದನ್ನು ಬಿಟ್ಟುಬಿಡುವುದೇ ಅದರ ಗುಟ್ಟು. ಆದರೆ ಹಾಡಿನ ಹೆಸರು ಬರೆಯಲು ಆ ರಚನೆಯಲ್ಲಿ ಜಾಗವಿರಲಿಲ್ಲ. 1996ರಲ್ಲಿ ಎರಿಕ್ ಕೆಂಪ್ ಎಂಬುವರು ಫೈಲಿನ ಕೊನೆಗೆ 128 ಬೈಟ್‌ಗಳ ಒಂದು ಚೀಟಿ ಅಂಟಿಸಿದರು. ಅದೇ ಐಡಿ3 ಟ್ಯಾಗ್. ಹಾಡು, ಕಲಾವಿದ, ಆಲ್ಬಮ್ ಒಂದೊಂದಕ್ಕೂ 30 ಬೈಟ್, ವರ್ಷಕ್ಕೆ 4.

ಲ್ಯಾಟಿನ್ ಲಿಪಿಗೆಂದು ಹೊಲಿದ ಅಂಗಿ ಅದು. ಯೂನಿಕೋಡಿನ ಯುಟಿಎಫ್-8 ಬರವಣಿಗೆಯಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು. ‘ಮೈಸೂರು ಅನಂತಸ್ವಾಮಿ’ ಎಂಬ ಹೆಸರೊಂದಕ್ಕೇ 49 ಬೈಟ್! 1998ರಲ್ಲಿ ಬಂದ ಎರಡನೆಯ ಆವೃತ್ತಿ ಈ ಕಟ್ಟನ್ನು ಬಿಚ್ಚಿತು. ಟ್ಯಾಗ್ ಫೈಲಿನ ತಲೆಗೆ ಬಂತು, ಯೂನಿಕೋಡ್ ಸೇರಿತು, ಸಂಗೀತ ಸಂಯೋಜಕರಿಗೂ ಗೀತರಚನೆಕಾರರಿಗೂ ಬೇರೆ ಬೇರೆ ಸಾಲು ಸಿಕ್ಕಿತು. 2001ರಲ್ಲಿ ಜೋಶ್ ಕೋಲ್ಸನ್ ಅವರ ಫ್ಲ್ಯಾಕ್ ಬಂದು ಧ್ವನಿಯ ಒಂದು ಕಣವನ್ನೂ ಬಿಡದೆ ಸಿ.ಡಿ.ಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. ಅದರ ಟ್ಯಾಗಿನಲ್ಲಿ ಸಾಲಿನ ಹೆಸರನ್ನೂ ನಾವೇ ಇಡಬಹುದು. ರಾಗ, ತಾಳ ಎಂದು ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಡ.

ಸ್ಟೀರಿಯೊ ಪಕ್ಕದ ಪುಟ್ಟ ಪೆಟ್ಟಿಗೆ

ಹಾಡುಗಳು ಕಂಪ್ಯೂಟರಿನಲ್ಲಿ, ಒಳ್ಳೆಯ ಸ್ಪೀಕರು ಹಜಾರದಲ್ಲಿ. ಈ ಅಂತರವನ್ನು ದಾಟಿಸಿದ ಮೊದಲಿಗರಲ್ಲಿ ಅಮೆರಿಕದ ಸ್ಲಿಮ್ ಡಿವೈಸಸ್ ಮುಖ್ಯವಾದುದು. ಶಾನ್ ಆಡಮ್ಸ್ ಕಟ್ಟಿದ ಈ ಕಂಪನಿ 2001ರಲ್ಲಿ ಸ್ಲಿಂಪಿ3 ಎಂಬ ಪೆಟ್ಟಿಗೆಯನ್ನು ಹೊರತಂದಿತು. ಪೆಟ್ಟಿಗೆಗೆ ಬುದ್ಧಿ ಕಡಿಮೆ. ಹುಡುಕುವುದು, ಜೋಡಿಸುವುದು, ಕಳುಹಿಸುವುದು ಎಲ್ಲವೂ ಕಂಪ್ಯೂಟರಿನಲ್ಲಿ ಓಡುವ ಸ್ಲಿಮ್‌ಸರ್ವರ್ ತಂತ್ರಾಂಶದ ಕೆಲಸ. ಆ ತಂತ್ರಾಂಶದ ಮೂಲಸಂಕೇತ ಎಲ್ಲರಿಗೂ ಮುಕ್ತವಾಗಿತ್ತು. ಮುಂದೆ ಅದನ್ನು ಕಾಪಾಡಿದ್ದು ಈ ಮುಕ್ತತೆಯೇ. 2006ರಲ್ಲಿ ಸ್ಲಿಮ್ ಡಿವೈಸಸನ್ನು ಲಾಜಿಟೆಕ್ ಕೊಂಡಿತು, ಸ್ಲಿಂಪಿ3ರ ನಂತರ ಬಂದ ಸ್ಕ್ವೀಜ್‌ಬಾಕ್ಸ್ ಪೆಟ್ಟಿಗೆಗಳ ಸರಣಿಯನ್ನು 2012ರಲ್ಲಿ ನಿಲ್ಲಿಸಿತು. ತಂತ್ರಾಂಶ ಮಾತ್ರ ನಿಲ್ಲಲಿಲ್ಲ. ಬಳಕೆದಾರರು ಅದನ್ನು ಸಾಕಿಕೊಂಡು ಬಂದರು. 2024ರಿಂದ ಅದರ ಹೆಸರು ಲಿರಿಯಾನ್ ಮ್ಯೂಸಿಕ್ ಸರ್ವರ್. ಹಳೆಯ ಪೆಟ್ಟಿಗೆಗಳು ಇಂದಿಗೂ ಅದರ ಮಾತು ಕೇಳುತ್ತವೆ.

2003 ಈ ಕ್ಷೇತ್ರದ ತುಂಬು ವರ್ಷ. ಆ ವರ್ಷ ಐಟ್ಯೂನ್ಸ್ ಪಕ್ಕದ ಕಂಪ್ಯೂಟರಿನ ಹಾಡು ನುಡಿಸಲು ಕಲಿಯಿತು. ಕೆಲವೇ ವಾರಗಳಲ್ಲಿ ಆಪಲ್ ಆ ಹಂಚಿಕೆಯನ್ನು ಮನೆಯೊಳಗಿನ ಜಾಲಕ್ಕೆ ಸೀಮಿತಗೊಳಿಸಿತು. ಎಂಪಿಡಿ ಎಂಬ ಹಗುರ ಮುಕ್ತ ತಂತ್ರಾಂಶ ಹುಟ್ಟಿತು. ಟಿ.ವಿ., ಸ್ಪೀಕರ್ ತಯಾರಕರು ಕೂಡಿ ಡಿಎಲ್‌ಎನ್‌ಎ ಒಕ್ಕೂಟ ಕಟ್ಟಿದರು. ಯಾವ ಕಂಪನಿಯ ಟಿ.ವಿ.ಯಾದರೂ ಸರ್ವರನ್ನು ತಾನೇ ಹುಡುಕಿಕೊಳ್ಳುವುದು ಡಿಎಲ್‌ಎನ್‌ಎಯ ಬಲ. ಪಟ್ಟಿಯೊಳಗೆ ಪಟ್ಟಿ ಇಳಿಯುತ್ತ ಹಾಡು ಹುಡುಕಬೇಕಾದದ್ದು ಅದರ ದೌರ್ಬಲ್ಯ.

ಹೊಸ್ತಿಲು ದಾಟಿದ ಹಾಡು

ಫೋನುಗಳು ಜಾಣವಾದ ಮೇಲೆ ಬೇಡಿಕೆ ಬದಲಾಯಿತು. ಮನೆಯ ಹಾಡು ಬಸ್ಸಿನಲ್ಲೂ ಸಿಗಬೇಕು. ನಾರ್ವೆಯ ಸಿಂದ್ರೆ ಮೇಹುಸ್ ಬರೆದ ಸಬ್‌ಸಾನಿಕ್ ಇದಕ್ಕೆ ದಾರಿ ತೋರಿತು. ದೊಡ್ಡ ಫ್ಲ್ಯಾಕ್ ಫೈಲನ್ನು ನುಡಿಸುವ ಹೊತ್ತಿಗೇ ಕುಗ್ಗಿಸಿ ಕಳುಹಿಸುವ ಟ್ರಾನ್ಸ್‌ಕೋಡಿಂಗ್ ಅದರಲ್ಲಿತ್ತು. ಅದಕ್ಕಿಂತ ದೊಡ್ಡ ಕೊಡುಗೆ ಅದರ ಎಪಿಐ, ಅಂದರೆ ಸರ್ವರಿಗೂ ಆ್ಯಪಿಗೂ ನಡುವಿನ ಮಾತಿನ ಕಟ್ಟಳೆ. ಮುಂದೆ ಸಬ್‌ಸಾನಿಕ್ ತನ್ನ ಮೂಲಸಂಕೇತವನ್ನು ಮುಚ್ಚಿಕೊಂಡಾಗ, ಹಳೆಯ ಮುಕ್ತ ಆವೃತ್ತಿಯಿಂದ ಏರ್‌ಸಾನಿಕ್‌ನಂಥ ಕವಲುಗಳು ಒಡೆದವು. ಡೆಲ್ವಾನ್ ಕಿಂಟಾವ್ ಗೋ ಭಾಷೆಯಲ್ಲಿ ಹೊಸದಾಗಿಯೇ ಬರೆದ ನ್ಯಾವಿಡ್ರೋಮ್ ಕೂಡ ಅದೇ ಕಟ್ಟಳೆಯನ್ನು ಉಳಿಸಿಕೊಂಡಿತು. ಹಾಗಾಗಿ ಸಬ್‌ಸಾನಿಕ್‌ಗೆಂದು ಬರೆದ ಆ್ಯಪ್‌ಗಳು ಹೊಸ ಸರ್ವರಿನೊಡನೆಯೂ ಮಾತಾಡಿದವು. ಸರ್ವರ್ ಬದಲಾದರೂ ಕೇಳುಗರು ದಿಕ್ಕೆಡಲಿಲ್ಲ.

ಸಿನಿಮಾದ ಕಡೆಯಿಂದಲೂ ಒಂದು ಹೊಳೆ ಹರಿದು ಬಂತು. ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕಾಗಿ ಹುಟ್ಟಿದ ತಂತ್ರಾಂಶ ಮುಂದೆ ಕೋಡಿಯಾಯಿತು. ಅದರಿಂದ ಕವಲೊಡೆದದ್ದು ಪ್ಲೆಕ್ಸ್. ಎಂಬಿ ಎಂಬ ಇನ್ನೊಂದು ಸರ್ವರ್ ತನ್ನ ಮೂಲಸಂಕೇತವನ್ನು ಮುಚ್ಚಿದ ಮೇಲೆ ಅದರಿಂದ 2018ರ ಡಿಸೆಂಬರಿನಲ್ಲಿ ಜೆಲ್ಲಿಫಿನ್ ಕವಲೊಡೆಯಿತು. ಇವುಗಳ ಮೊದಲ ಪ್ರೀತಿ ಸಿನಿಮಾ. ಹಾಡಿಗೆ ಎರಡನೆಯ ಪೀಠ.

ಖರ್ಚಿನ ಗೋಡೆಯೂ ಕುಸಿಯಿತು. 2012ರಲ್ಲಿ 35 ಡಾಲರ್ ಬೆಲೆಗೆ ಬಂದ ರಾಸ್ಪ್‌ಬೆರಿ ಪೈಯಂಥ ಅಂಗೈಯಗಲದ ಕಂಪ್ಯೂಟರು ಒಂದು ಕುಟುಂಬದ ಸಂಗೀತಕ್ಕೆ ಸಾಕು. ಒಂದು ಟೆರಾಬೈಟ್ ಡಿಸ್ಕಿನಲ್ಲಿ ಫ್ಲ್ಯಾಕ್ ರೂಪದ ಎರಡು ಸಾವಿರಕ್ಕೂ ಹೆಚ್ಚು ಸಿ.ಡಿ.ಗಳು ಕೂರುತ್ತವೆ. 2020ರಲ್ಲಿ ಲಿನಕ್ಸ್ ಒಡಲಿಗೇ ಸೇರಿದ ವೈರ್‌ಗಾರ್ಡ್, ಸರ್ವರನ್ನು ಅಂತರ್ಜಾಲದ ಬೀದಿಗೆ ನಿಲ್ಲಿಸದೆಯೇ ಹೊರಗಿನಿಂದ ತಲುಪುವ ಗುಪ್ತ ಓಣಿಯನ್ನು ಸುಲಭವಾಗಿಸಿತು. ಮೈಸೂರಿನ ಕಪಾಟಿನಲ್ಲಿರುವ ಹಾಡನ್ನು ಮಗಳು ಡಾಲಸ್‌ನಲ್ಲಿ ಕೇಳಬಹುದು. ಕೇಳುಗರ ಹಾಡುಗಳನ್ನು ಅಂತರ್ಜಾಲದಲ್ಲಿ ಇಟ್ಟುಕೊಳ್ಳುತ್ತಿದ್ದ ಗೂಗಲ್ ಪ್ಲೇ ಮ್ಯೂಸಿಕ್ ಅದೇ 2020ರ ಕೊನೆಯಲ್ಲಿ ಮುಚ್ಚಿತು. ಬಾಡಿಗೆ ಕಪಾಟಿನ ಬಾಗಿಲು ಯಾವಾಗ ಮುಚ್ಚಬೇಕೆಂದು ತೀರ್ಮಾನಿಸುವವರು ಬಾಡಿಗೆದಾರರಲ್ಲ.

ಉಳಿದ ಕೆಲಸ

ಇನ್ನು ಹೆಸರಿನ ಮಾತು. ಸಿ.ಡಿ. ಹಾಕಿದೊಡನೆ ಹಾಡುಗಳ ಹೆಸರು ತಂದುಕೊಡುತ್ತಿದ್ದ ಸಿಡಿಡಿಬಿಯನ್ನು ತುಂಬಿಸಿದವರು ಸಾಮಾನ್ಯ ಕೇಳುಗರು. 1990ರ ದಶಕದ ಕೊನೆಗೆ ಅದು ವಾಣಿಜ್ಯದ ಪಾಲಾಯಿತು. ಆ ಕಹಿಯಲ್ಲಿ ರಾಬರ್ಟ್ ಕೇ 2000ದಲ್ಲಿ ಮ್ಯೂಸಿಕ್‌ಬ್ರೇನ್ಸ್ ಆರಂಭಿಸಿದರು. ಅಲ್ಲಿ ಕಲಾವಿದರನ್ನು ಗುರುತಿಸುವುದು ಕಾಗುಣಿತದಿಂದಲ್ಲ, ಒಂದು ಖಾಯಂ ಸಂಖ್ಯೆಯಿಂದ. ಹೆಸರನ್ನು ಹತ್ತು ರೀತಿ ಬರೆದರೂ ವ್ಯಕ್ತಿ ಒಬ್ಬರೇ. ಪಿಕಾರ್ಡ್, ಬೀಟ್ಸ್ ಎಂಬ ತಂತ್ರಾಂಶಗಳು ಅಲ್ಲಿಂದ ಮಾಹಿತಿ ತಂದು ಫೈಲಿನೊಳಗೆ ಬರೆಯುತ್ತವೆ. ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಶಾವಿಯೆರ್ ಸೆರ್ರಾ ನಡೆಸಿದ ಕಾಂಪ್‌ಮ್ಯೂಸಿಕ್ ಯೋಜನೆ ಕರ್ನಾಟಕ ಮತ್ತು ಹಿಂದುಸ್ತಾನಿ ಸಂಗೀತವನ್ನೂ ಅಧ್ಯಯನಕ್ಕೆ ತೆಗೆದುಕೊಂಡಿತು. ಇಂದು ಮ್ಯೂಸಿಕ್‌ಬ್ರೇನ್ಸ್‌ನಲ್ಲಿ ಕೃತಿಗೆ ರಾಗ, ತಾಳ ನಮೂದಿಸುವ ಅಂಕಣಗಳಿವೆ.

ಕನ್ನಡದ ಹಾಡಿಗೆ ಇಷ್ಟರಿಂದ ಮುಗಿಯುವುದಿಲ್ಲ. ಚಿತ್ರಗೀತೆಗಳ ಆಲ್ಬಮ್ಮಿನಲ್ಲಿ ಹಾಡಿಗೊಬ್ಬ ಗಾಯಕರು. ‘ಆಲ್ಬಮ್ ಕಲಾವಿದ’ ಎಂಬ ಸಾಲು ಖಾಲಿ ಬಿಟ್ಟರೆ ಒಂದೇ ಚಿತ್ರ ಐದು ಚೂರಾಗಿ ಕಾಣಬಹುದು. ಭಾವಗೀತೆಯಂತೂ ಮೂವರ ಮಗು. 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟನ್ನು ಕವಿ ನಿಸಾರ್ ಅಹಮದರ ಹೆಸರಿಲ್ಲದೆ ನೆನೆಯುವುದಾದರೂ ಹೇಗೆ? ಕ್ಯಾಸೆಟ್ಟಿನ ಹೊದಿಕೆಗಳ ಮೇಲೆ ಸಾಹಿತ್ಯ, ಸಂಗೀತ, ಗಾಯನ ಎಂಬ ಮೂರು ಸಾಲು ಇರುತ್ತಿದ್ದವು. ಹಾಡು ಫೈಲಾದಾಗ ಹೊದಿಕೆ ಕಳಚಿತು. ಒಂದೇ ‘ಕಲಾವಿದ’ ಸಾಲಿನಲ್ಲಿ ಗಾಯಕರು ಉಳಿದರು, ಕವಿ ಹೊರಗಾದರು.

ಟ್ಯಾಗಿನಲ್ಲಿ ಕವಿಗೆ 1998ರಿಂದಲೂ ಜಾಗವಿದೆ. ನ್ಯಾವಿಡ್ರೋಮ್‌ನ ಈಚಿನ ಆವೃತ್ತಿಗಳು ಗೀತರಚನೆಕಾರರನ್ನು ಬೇರೆಯಾಗಿಯೇ ಗುರುತಿಸುತ್ತವೆ. ಹೆಸರನ್ನು ಸರ್ವರಿನ ಪಟ್ಟಿಯಲ್ಲಲ್ಲ, ಫೈಲಿನೊಳಗೇ ಬರೆದರೆ ನಾಳೆ ಬರುವ ಸರ್ವರ್ ಕೂಡ ಅದನ್ನು ಓದುತ್ತದೆ. ಅಟ್ಟದ ಮೇಲಿನ ಕ್ಯಾಸೆಟ್ ಡಬ್ಬಿ ಕೆಳಗಿಳಿಸಿ. ಹೊದಿಕೆಯ ಅಕ್ಷರ ಇನ್ನೂ ಓದಲು ಬರುವಾಗಲೇ ಒಂದೊಂದು ಹಾಡಿನ ಆ ಖಾಲಿ ಸಾಲಿನಲ್ಲಿ ಕವಿಯ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ತುಂಬಿಸಿದ ಡಿಸ್ಕಿನ ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿಡಿ.